ಏರ್ ಫ್ಲೋ ಸೆನ್ಸರ್: ಮುಟ್ಟದೆ ತೊಳೆಯುವ ಪಾಠ

ಕಾರಿನ ಪಿಕಪ್ ಕಡಿಮೆಯಾಗಿದೆ, ಮೈಲೇಜ್ ಇಳಿದಿದೆ, ಘಾಟ್ ಹತ್ತುವಾಗ ಉಸಿರು ಕಟ್ಟಿದ ಹಾಗೆ ಎಳೆಯುತ್ತೆ, ಡ್ಯಾಶ್‌ಬೋರ್ಡಲ್ಲಿ ಚೆಕ್ ಇಂಜಿನ್ ದೀಪ ಬೇರೆ. ಇಂಥ ಕಾರು ಗ್ಯಾರೇಜಿಗೆ ಹೋದರೆ ಎಷ್ಟೋ ಸಲ ಬರೋ ಉತ್ತರ: "ಏರ್ ಫ್ಲೋ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು." ಹೊಸ ಸೆನ್ಸರಿಗೆ ಸಾವಿರಗಟ್ಟಲೆ ರೂಪಾಯಿ. ಅದನ್ನು ತೊಳೆಯೋ ಸ್ಪ್ರೇ ಡಬ್ಬಿಗೆ ಕೆಲವು ನೂರು. ಸೆನ್ಸರ್ ನಿಜವಾಗಿ ಹೋಗಿದೆಯೋ ಅಥವಾ ಬರೀ ಕೊಳೆಯಾಗಿದೆಯೋ ಅಂತ ತಿಳಿಯೋದು ಒಂದು ಕೆಲಸ. ಕೊಳೆಯಾಗಿದ್ದರೆ ಅದನ್ನು ಕೆಡಿಸದೆ ತೊಳೆಯೋದು ಇನ್ನೊಂದು. ಎರಡಕ್ಕೂ ಬೇಕಾದ ವಿದ್ಯೆ ನಮ್ಮ ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲೇ ಇದೆ.

ಒಳಗೆ ಏನಿದೆ?

ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ಇಸಿಯು ಲೆಕ್ಕ ಹಾಕಬೇಕಾದರೆ ಒಳಗೆ ಬರ್ತಿರೋ ಗಾಳಿಯ ತೂಕ ಮೊದಲು ಗೊತ್ತಿರಬೇಕು. ಲೀಟರ್ ಲೆಕ್ಕ ಸಾಲದು. ಮಂಗಳೂರಿನಿಂದ ಶಿರಾಡಿ ಘಾಟ್ ಹತ್ತಿ ಬೆಂಗಳೂರಿಗೆ ಬಂದರೆ, ಸುಮಾರು 900 ಮೀಟರ್ ಎತ್ತರದಲ್ಲಿ ಅದೇ ಒಂದು ಲೀಟರ್ ಗಾಳಿಯ ತೂಕ ಶೇಕಡ 8–9ರಷ್ಟು ಕಡಿಮೆ. ತೂಕವನ್ನೇ ನೇರವಾಗಿ ಅಳೆಯೋದು ಈ ಸೆನ್ಸರ್. ಮಾಸ್ ಏರ್ ಫ್ಲೋ, ಚಿಕ್ಕದಾಗಿ ಮ್ಯಾಫ್.

ಏರ್ ಫಿಲ್ಟರ್ ಡಬ್ಬ ದಾಟಿದ ಕೂಡಲೇ ಪೈಪಿನಲ್ಲಿ ಇದು ಕೂತಿರುತ್ತೆ. ಒಳಗೆ ಬಿಸಿ ಮಾಡಿದ ಒಂದು ಪ್ಲಾಟಿನಂ ತಂತಿ, ಅಥವಾ ಈಗಿನ ಕಾರುಗಳಲ್ಲಿ ತೆಳ್ಳನೆಯ ಫಿಲ್ಮ್. ಬರೋ ಗಾಳಿಗಿಂತ ಒಂದು ನಿಗದಿತ ಮಟ್ಟದಷ್ಟು ಹೆಚ್ಚು ಬಿಸಿಯಲ್ಲಿ ಅದನ್ನು ಇಡಬೇಕು ಅನ್ನೋದು ಸರ್ಕ್ಯೂಟಿನ ಕೆಲಸ. ಗಾಳಿ ಜಾಸ್ತಿ ಬಂದರೆ ತಂತಿ ತಣ್ಣಗಾಗೋಕೆ ಹೊರಡುತ್ತೆ. ನಾವು ಪಿಯುಸಿಯಲ್ಲಿ ಓದಿದ ವೀಟ್‌ಸ್ಟನ್ ಬ್ರಿಡ್ಜ್ ಅದನ್ನು ಹಿಡಿದು ಹೆಚ್ಚು ಕರೆಂಟ್ ಕಳಿಸುತ್ತೆ. ಆ ಕರೆಂಟೇ ಗಾಳಿಯ ಅಳತೆ.

ಎಷ್ಟು ಗಾಳಿಗೆ ಎಷ್ಟು ಶಾಖ ಹೋಗುತ್ತೆ ಅನ್ನೋ ಸಂಬಂಧವನ್ನು ಎಲ್. ವಿ. ಕಿಂಗ್ 1914ರಲ್ಲಿ ಕೊಟ್ಟರು. ತಂತಿ ಕಳೆದುಕೊಳ್ಳೋ ಶಾಖ = ಒಂದು ಸ್ಥಿರಾಂಕ + ಇನ್ನೊಂದು ಸ್ಥಿರಾಂಕ × ಗಾಳಿಯ ಹರಿವಿನ ವರ್ಗಮೂಲ. ಈ ವರ್ಗಮೂಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೊಳೆ ಏನು ಮಾಡುತ್ತೆ?

ಫಿಲ್ಟರ್ ತಪ್ಪಿಸಿಕೊಂಡು ಬಂದ ನುಣುಪು ಧೂಳು, ಕ್ರ್ಯಾಂಕ್‌ಕೇಸಿನಿಂದ ವಾಪಸ್ ಬರೋ ಎಣ್ಣೆ ಆವಿ, ಎಣ್ಣೆ ಸವರಿದ ಕಾಟನ್ ಫಿಲ್ಟರಿನ ಎಣ್ಣೆ, ಎಲ್ಲ ಸೇರಿ ತಂತಿಯ ಮೇಲೆ ಪದರ ಕಟ್ಟುತ್ತವೆ. ಅದು ತಂತಿಗೆ ಹೊದಿಸಿದ ಕಂಬಳಿ. ಶಾಖ ಹೊರಗೆ ಹೋಗೋಕೆ ಈಗ ಎರಡು ತಡೆ: ಕೊಳೆಯದ್ದು ಒಂದು, ಗಾಳಿಯದ್ದು ಒಂದು. ಎರಡೂ ಸೀರೀಸ್‌ನಲ್ಲಿವೆ.

ಐಡ್ಲಿಂಗ್‌ನಲ್ಲಿ ಗಾಳಿ ನಿಧಾನ, ಹಾಗಾಗಿ ಗಾಳಿಯ ತಡೆಯೇ ದೊಡ್ಡದು, ಕೊಳೆಯದ್ದು ಲೆಕ್ಕಕ್ಕೆ ಬರಲ್ಲ. ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗಾಳಿಯ ತಡೆ ಕುಸಿಯುತ್ತೆ, ಆಗ ಕೊಳೆಯ ತಡೆ ಎದ್ದು ಕಾಣುತ್ತೆ. ಊರೊಳಗೆ ಸುಮಾರಾಗಿ ಓಡೋ ಕಾರು ಘಾಟಿನಲ್ಲಿ ಸೋಲೋದು ಇದಕ್ಕೇ. ಮೇಲಿಂದ ವರ್ಗಮೂಲದ ಪೆಟ್ಟು ಬೇರೆ. ಮೊದಲ ಸ್ಥಿರಾಂಕ ಬಿಟ್ಟು ನೋಡಿದರೆ, ಶಾಖ ಶೇಕಡ 5 ಕಡಿಮೆ ಹೋದರೂ ಗಾಳಿಯ ಲೆಕ್ಕ 0.95 × 0.95 = 0.90, ಅಂದರೆ ಶೇಕಡ 10 ಕಡಿಮೆ ಬರುತ್ತೆ. ಕೊಳೆ ಸ್ವಲ್ಪ, ತಪ್ಪು ಎರಡರಷ್ಟು.

ಪೆಟ್ರೋಲ್ ಇಂಜಿನ್ ಆದರೆ ಪೆಟ್ರೋಲ್ ಕಡಿಮೆ ಬೀಳುತ್ತೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡುಹಿಡಿದು ದೂರು ಕೊಡುತ್ತೆ, ಇಸಿಯು ತಿದ್ದುತ್ತಾ ಹೋಗುತ್ತೆ. ಡೀಸೆಲ್‌ನಲ್ಲಿ ಈ ಅಳತೆಯ ಮುಖ್ಯ ಬಳಕೆ ಇಜಿಆರ್ ನಿಯಂತ್ರಣಕ್ಕೆ ಮತ್ತು ಹೊಗೆ ಬರದಂತೆ ಇಂಧನಕ್ಕೆ ಮಿತಿ ಹಾಕೋಕೆ. ಗಾಳಿ ಕಡಿಮೆ ಅಂತ ಸೆನ್ಸರ್ ಹೇಳಿದರೆ ಇಸಿಯು ಡೀಸೆಲನ್ನೂ ಕಡಿಮೆ ಮಾಡುತ್ತೆ, ಪಿಕಪ್ ಹೋಗುತ್ತೆ.

ತೊಳೆಯೋ ಮೊದಲು ಅಳೆಯಿರಿ

ನಿಮ್ಮ ಕಾರಿನಲ್ಲಿ ಮ್ಯಾಫ್ ಇದೆಯಾ ಅಂತ ಮೊದಲು ನೋಡಿ. ನಮ್ಮ ಕಡೆಯ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದು ಇಲ್ಲವೇ ಇಲ್ಲ. ಅಲ್ಲಿ ಮ್ಯಾನಿಫೋಲ್ಡಿನ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರುತ್ತೆ, ಗಾಳಿಯ ತೂಕವನ್ನು ಇಸಿಯು ಲೆಕ್ಕ ಹಾಕಿ ತೆಗೆಯುತ್ತೆ. ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಮ್ಯಾಫ್ ಸಾಮಾನ್ಯ.

ಆಮೇಲೆ ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ಓದಿ. ಪಿ0101, ಪಿ0102, ಪಿ0103 ಕೋಡ್‌ಗಳು ಮ್ಯಾಫ್ ಕಡೆ ಬೆರಳು ಮಾಡುತ್ತವೆ. ಪಿ0171 ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಂತ ಅಷ್ಟೇ, ಕಾರಣ ಬೇರೆಯೂ ಇರಬಹುದು. ಕೋಡ್ ಬಂತು ಅಂದ ಮಾತ್ರಕ್ಕೆ ಸೆನ್ಸರ್ ಸತ್ತಿದೆ ಅಂತ ಅರ್ಥ ಅಲ್ಲ. ವೈರ್ ತುಂಡಾಗಿದ್ದರೂ, ಕನೆಕ್ಟರ್ ಸಡಿಲವಾಗಿದ್ದರೂ ಇವು ಬರುತ್ತವೆ.

ಪೆಟ್ರೋಲ್ ಕಾರಲ್ಲಿ ಫ್ಯೂಯೆಲ್ ಟ್ರಿಮ್ ನೋಡಿ. ಇಸಿಯು ತನ್ನ ಲೆಕ್ಕಕ್ಕೆ ಎಷ್ಟು ತಿದ್ದುಪಡಿ ಹಾಕ್ತಿದೆ ಅನ್ನೋದೇ ಇದು. ನಿಜವಾದ ಗಾಳಿ ಸೆಕೆಂಡಿಗೆ 30 ಗ್ರಾಂ ಇದ್ದು ಸೆನ್ಸರ್ 26 ಅಂದರೆ, 30 ÷ 26 = 1.15. ಟ್ರಿಮ್ +15ರ ಹತ್ತಿರ ಹೋಗುತ್ತೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಸ್ಪೀಡ್ ಏರಿದ ಹಾಗೆ ಟ್ರಿಮ್ ಏರಿದರೆ ಮ್ಯಾಫ್ ಮೇಲೆ ಅನುಮಾನ. ಉಲ್ಟಾ, ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು 2500 ಆರ್‌ಪಿಎಂಗೆ ಇಳಿದರೆ ಎಲ್ಲೋ ಪೈಪ್ ಸೀಳಿ ಗಾಳಿ ನುಗ್ಗುತ್ತಿದೆ. ಆಗ ಸೆನ್ಸರ್ ಎಷ್ಟು ತೊಳೆದರೂ ಉಪಯೋಗ ಇಲ್ಲ.

ಸೆನ್ಸರ್ ಹೇಳೋ ಸಂಖ್ಯೆಯನ್ನೂ ಪರೀಕ್ಷೆ ಮಾಡಬಹುದು. ಟರ್ಬೊ ಇಲ್ಲದ 1.5 ಲೀಟರ್ ಇಂಜಿನ್ ಎರಡು ಸುತ್ತಿಗೊಮ್ಮೆ 1.5 ಲೀಟರ್ ಎಳೆದುಕೊಳ್ಳುತ್ತೆ. 2500 ಆರ್‌ಪಿಎಂನಲ್ಲಿ ಸೆಕೆಂಡಿಗೆ 31 ಲೀಟರ್. ಬೆಂಗಳೂರಿನ ಗಾಳಿ ಲೀಟರಿಗೆ ಸುಮಾರು 1.06 ಗ್ರಾಂ, ಸಿಲಿಂಡರ್ ತುಂಬೋದು ಶೇಕಡ 85 ಅಂತ ಇಟ್ಟುಕೊಂಡರೆ, ಪೂರ್ತಿ ಥ್ರಾಟಲ್‌ನಲ್ಲಿ ಸೆಕೆಂಡಿಗೆ 28 ಗ್ರಾಂ ಆಸುಪಾಸು ಬರಬೇಕು. 20 ಬಂದರೆ ಏನೋ ಎಡವಟ್ಟು. ಖಾಲಿ ರಸ್ತೆಯಲ್ಲಿ ನೀವು ಓಡಿಸಿ, ಫೋನ್ ಪಕ್ಕದಲ್ಲಿ ಕೂತವರ ಕೈಲಿರಲಿ. ಬಂದ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಯಾವುದರಿಂದ ತೊಳೆಯಬೇಕು?

ಮ್ಯಾಫ್ ಕ್ಲೀನರ್ ಅಂತಲೇ ಬರೆದಿರೋ ಸ್ಪ್ರೇ ಉತ್ತಮ. ಎಣ್ಣೆ ಕರಗಿಸಿ, ಏನೂ ಉಳಿಸದೆ ಆರಿಹೋಗೋದು ಅದರ ಗುಣ. ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ ಬೋರ್ಡ್ ಒರೆಸೋಕೆ ಇಡೋ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಸ್ಪ್ರೇ ಬಾಟಲಿಗೆ ಹಾಕಿ ಬಳಸಬಹುದು.

ಕಾರ್ಬ್ಯುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್, ಥಿನ್ನರ್ ಬೇಡ. ಪ್ಲಾಸ್ಟಿಕ್ ಮತ್ತು ಫಿಲ್ಮಿನ ಲೇಪನ ಹಾಳಾಗಬಹುದು. ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ ಅಂತೂ ಬೇಡವೇ ಬೇಡ, ಅದು ಹೊಸ ಕಂಬಳಿ ಹೊದಿಸುತ್ತೆ. ಇಯರ್ ಬಡ್, ಬಟ್ಟೆ, ಬ್ರಷ್ ಯಾವುದೂ ತಗಲಬಾರದು. ಹಳೆ ಬಾಷ್ ಸೆನ್ಸರುಗಳ ತಂತಿ ಬರೀ 70 ಮೈಕ್ರಾನ್ ದಪ್ಪ, ಹೆಚ್ಚುಕಮ್ಮಿ ನಮ್ಮ ತಲೆಕೂದಲಿನಷ್ಟು. ಅದಕ್ಕೇ ಅವುಗಳಲ್ಲಿ ಇಂಜಿನ್ ಆಫ್ ಆದ ಮೇಲೆ ತಂತಿಯನ್ನು ಒಂದು ಸೆಕೆಂಡ್ ಸುಮಾರು 1000 ಡಿಗ್ರಿಗೆ ಕಾಯಿಸಿ ಕೊಳೆಯನ್ನು ಸುಡೋ ಏರ್ಪಾಡು ಇತ್ತು. ಕೊಳೆ ತೆಗೆಯೋಕೆ ಅದನ್ನು ತಯಾರಿಸಿದವರೂ ಮುಟ್ಟೋ ದಾರಿ ಹಿಡಿಯಲಿಲ್ಲ.

ತೊಳೆಯುವ ಕ್ರಮ

1. ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಗಾಳಿಯಾಡೋ ಜಾಗ ಇರಲಿ, ಹತ್ತಿರ ಬೆಂಕಿ, ಸಿಗರೇಟು ಇರಬಾರದು. ಈ ದ್ರವಗಳು ಫಕ್ಕನೆ ಹೊತ್ತಿಕೊಳ್ಳುತ್ತವೆ.

2. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೀಬೇಡಿ.

3. ಗಾಳಿಯ ದಿಕ್ಕು ತೋರಿಸೋ ಬಾಣ ಇದ್ದರೆ ಫೋಟೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ಎರಡು ಸ್ಕ್ರೂ, ನಕ್ಷತ್ರ ತಲೆಯವು. ಸರಿಯಾದ ಬಿಟ್ ಇಲ್ಲದೆ ಕೈ ಹಾಕಬೇಡಿ, ತಲೆ ಸವೆದರೆ ಕೆಲಸ ಕೆಟ್ಟಿತು. ಸೆನ್ಸರನ್ನು ನೇರವಾಗಿ ಎತ್ತಿ, ಓ-ರಿಂಗ್ ಜೋಪಾನ.

4. ನಾಲ್ಕೈದು ಇಂಚು ದೂರದಿಂದ ತಂತಿ ಅಥವಾ ಫಿಲ್ಮ್ ಮೇಲೆ 10–15 ಸಲ ಚಿಕ್ಕಚಿಕ್ಕದಾಗಿ ಸ್ಪ್ರೇ ಮಾಡಿ. ಕೊಳೆ ಕೆಳಗೆ ಹರಿದುಹೋಗೋ ಹಾಗೆ ಹಿಡಿಯಿರಿ. ಸ್ಪ್ರೇ ಕೊಳವೆ ಒಳಗೆ ತೂರಿಸಬೇಡಿ.

5. ತಾನಾಗೇ ಆರಲಿ. ಕಂಪ್ರೆಸರ್ ಗಾಳಿ, ಹೇರ್ ಡ್ರೈಯರ್ ಬೇಡ. ಅರ್ಧ ಗಂಟೆ ಸಾಕು, ಮಳೆಗಾಲದಲ್ಲಿ ಒಂದು ಗಂಟೆ ಬಿಡಿ. ದ್ರವ ಆರುವಾಗ ಸೆನ್ಸರ್ ತಣ್ಣಗಾಗಿ ತೇವದ ಗಾಳಿಯ ನೀರು ಅದರ ಮೇಲೆ ಕೂರಬಹುದು.

6. ಅಷ್ಟರಲ್ಲಿ ಏರ್ ಫಿಲ್ಟರ್ ನೋಡಿ. ಹರಿದಿದ್ದರೆ, ಅಂಚು ಸರಿಯಾಗಿ ಕೂರದಿದ್ದರೆ ಹೊಸದು ಹಾಕಿ. ಇಲ್ಲದಿದ್ದರೆ ಇದೇ ಕೆಲಸ ಮತ್ತೆ ಬರುತ್ತೆ.

7. ಬಾಣದ ದಿಕ್ಕಿಗೆ ಸೆನ್ಸರ್ ಕೂರಿಸಿ, ಸ್ಕ್ರೂ ಹದವಾಗಿ ಬಿಗಿ ಮಾಡಿ, ಕನೆಕ್ಟರ್ 'ಟಕ್' ಅನ್ನೋವರೆಗೆ ಒತ್ತಿ, ಬ್ಯಾಟರಿ ಜೋಡಿಸಿ.

ಕಾರು ವಾರಂಟಿಯಲ್ಲಿದ್ದರೆ ಮಾತ್ರ ಬಿಚ್ಚೋ ಮೊದಲು ಶರತ್ತು ಓದಿ.

ತೊಳೆದ ಮೇಲೆ ಮತ್ತೆ ಅಳೆಯಿರಿ

ಕೋಡ್ ಅಳಿಸಿ, ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ. ಇಸಿಯು ತನ್ನ ತಿದ್ದುಪಡಿಗಳನ್ನು ಹೊಸದಾಗಿ ಕಲಿಯೋಕೆ ಅಷ್ಟು ಸಮಯ ಬೇಕು. ಆಮೇಲೆ ಮೊದಲು ನೋಡಿದ ಅದೇ ಸಂಖ್ಯೆಗಳನ್ನು ಅದೇ ರಸ್ತೆಯಲ್ಲಿ, ಅದೇ ಆರ್‌ಪಿಎಂನಲ್ಲಿ ನೋಡಿ. +15 ಇದ್ದ ಟ್ರಿಮ್ +3ಕ್ಕೆ ಬಂದಿದ್ದರೆ ಸೆನ್ಸರ್ ಹೋಗಿರಲಿಲ್ಲ, ಕೊಳೆಯಾಗಿತ್ತು. ಏನೂ ಬದಲಾಗದಿದ್ದರೆ ವೈರಿಂಗ್ ನೋಡಿ, ಪೈಪಿನ ಸೀಳು ಹುಡುಕಿ. ಎಲ್ಲ ಸರಿಯಿದ್ದೂ ಸಂಖ್ಯೆ ತಪ್ಪೇ ಇದ್ದರೆ ಹೊಸ ಸೆನ್ಸರಿಗೆ ದುಡ್ಡು ಕೊಡೋದು ನ್ಯಾಯ.

"ತೊಳೆದ ಮೇಲೆ ಗಾಡಿ ಸ್ಮೂತ್ ಆಯ್ತು ಅನ್ನಿಸ್ತಿದೆ" ಅನ್ನೋದು ಸಾಕ್ಷಿ ಅಲ್ಲ. ಸ್ವಂತ ಕೈಯಿಂದ ಕೆಲಸ ಮಾಡಿದವರಿಗೆ ಹಾಗೆ ಅನ್ನಿಸಿಯೇ ಅನ್ನಿಸುತ್ತೆ. ಎರಡು ಸಾಲು ಸಂಖ್ಯೆ ಹಿಡಿದು ಗ್ಯಾರೇಜಿಗೆ ಹೋದರೆ, ಮೆಕ್ಯಾನಿಕ್ ಜೊತೆ ನಡೆಯೋ ಮಾತೇ ಬೇರೆ ಥರ ಇರುತ್ತೆ.