ಘಟ್ಟದ ತಿರುವಿನಲ್ಲಿ ಮೋಟಾರು ಸೈಕಲ್ಲು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಅಲ್ಲಿ ಮೋಟಾರು ಸೈಕಲ್ಲಿನ ಸವಾರನು ತಿರುವಿನ ಒಳಬದಿಗೆ ವಾಲುವುದು ಶೋಕಿಗಲ್ಲ. ಚಲಿಸುವ ವಸ್ತುವು ನೇರವಾಗಿಯೇ ಸಾಗಬಯಸುತ್ತದೆ. ಅದನ್ನು ಒಳಕ್ಕೆ ತಿರುಗಿಸುವ ಬಲವು ನೆಲಕ್ಕೂ ಚಕ್ರಕ್ಕೂ ನಡುವಿನ ಘರ್ಷಣೆಯಿಂದಲೇ ಒದಗಬೇಕು. ಸವಾರನು ವಾಲದಿದ್ದರೆ ಆ ಬಲವೇ ಗಾಡಿಯನ್ನು ಹೊರಕ್ಕೆ ಉರುಳಿಸೀತು. ವೇಗವು ಎರಡರಷ್ಟಾದರೆ ಬೇಕಾಗುವ ಬಲವು ನಾಲ್ಕರಷ್ಟಾಗುತ್ತದೆ. 15 ಮೀಟರು ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ದಾಟಲು ಸುಮಾರು 12 ಡಿಗ್ರಿ ವಾಲಿದರೆ ಸಾಕು. ವೇಗವು 40 ಕಿಲೋಮೀಟರಾದರೆ ಸುಮಾರು 40 ಡಿಗ್ರಿ ವಾಲಬೇಕು! ಮಳೆಗಾಲದಲ್ಲಿ ಆಗುಂಬೆಯ ರಸ್ತೆಯು ಅಷ್ಟು ಹಿಡಿತವನ್ನು ಎಲ್ಲಿಂದ ತಂದೀತು? ಬಿ.ಎ. ಓದುವವನಿಗೆ ಈ ಲೆಕ್ಕವೇಕೆಂದು ಮಿತ್ರರು ನಕ್ಕಾರು. ರಜೆ ಬಂದೊಡನೆ ಹಿಂದೊಬ್ಬನನ್ನು ಕೂರಿಸಿಕೊಂಡು ಘಟ್ಟ ಇಳಿಯುವವರು ನಾವೇ ಅಲ್ಲವೆ?

ತಿರುವಿನ ನಡುವೆ ಬ್ರೇಕು ಒತ್ತಿದರೆ, ಇರುವಷ್ಟೇ ಹಿಡಿತವನ್ನು ತಡೆಯುವುದಕ್ಕೂ ತಿರುಗುವುದಕ್ಕೂ ಹಂಚಬೇಕಾಗಿ ಚಕ್ರವು ಜಾರಬಹುದು. ಆದುದರಿಂದ ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸತಕ್ಕದ್ದು. ಇಳಿಜಾರಿನಲ್ಲಿ ಗಾಡಿಯನ್ನು ಕೆಳಗಿನ ಗೇರಿನಲ್ಲಿಟ್ಟರೆ ಎಂಜಿನ್ನೇ ಅದನ್ನು ಹಿಂದಕ್ಕೆ ಹಿಡಿಯುತ್ತದೆ, ಬ್ರೇಕು ಅತಿಯಾಗಿ ಕಾಯುವುದಿಲ್ಲ. ಪೆಟ್ರೋಲು ಉಳಿಸಲೆಂದು ಗೇರು ಬಿಡಿಸಿ, ಎಂಜಿನ್ನನ್ನು ನಿಲ್ಲಿಸಿ ಇಳಿಯುವ ಜಾಣರು ಈ ಹಿಡಿತವನ್ನೇ ಕಳೆದುಕೊಳ್ಳುತ್ತಾರೆ.