ಕಾರ್ಡು ನಿಮ್ಮದು, ಮೊಬೈಲ್ ನಂಬರ್ ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗುವ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು ವಕೀಲರ ಹತ್ತಿರ ಬರುವುದು ಎಲ್ಲ ಕೈಮೀರಿದ ಮೇಲೆ. ‘ಕಾರ್ಡು ಐತ್ರಿ ಸಾಹೇಬ್ರ, ರೊಕ್ಕ ಮಾತ್ರ ಬರವಲ್ದು’ ಎನ್ನುತ್ತಾರೆ. ಲ್ಯಾಮಿನೇಶನ್ ಮಾಡಿಸಿ ಜೋಪಾನವಾಗಿಟ್ಟ ಕಟ್ಟಡ ಕಾರ್ಮಿಕರ ಕಾರ್ಡು. ಆನ್‌ಲೈನಿನಲ್ಲಿ ನೋಡಿದರೆ ಅವಧಿ ಮುಗಿದು ಎಷ್ಟೋ ಕಾಲವಾಗಿರುತ್ತದೆ. ನವೀಕರಣದ ಸಂದೇಶ ಹೋಗಿದ್ದು ಅರ್ಜಿ ತುಂಬಿಕೊಟ್ಟವನ ಮೊಬೈಲಿಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. 2021ರ ಆಗಸ್ಟ್ 26ರಂದು ಶುರುವಾದ ಇ-ಶ್ರಮ್ ಕೇಂದ್ರ ಸರ್ಕಾರದ್ದು. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ 12 ಅಂಕಿಯ ಸಂಖ್ಯೆ ಕೊಡುತ್ತದೆ, ನೋಂದಣಿಗೆ ದುಡ್ಡಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ರಾಜ್ಯದ್ದು. 18ರಿಂದ 60 ವರ್ಷದವರಿಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮದುವೆ ಸಹಾಯಧನ, ಪಿಂಚಣಿ, ಮಕ್ಕಳ ಓದಿನ ನೆರವು ಮಂಡಳಿಯದು. ಇ-ಶ್ರಮ್ ಕಾರ್ಡು ಹಿಡಿದು ಮಂಡಳಿಯ ಸಹಾಯಧನ ಕೇಳಿದರೆ ಸಿಗುವುದಿಲ್ಲ. ಎರಡೂ ಒಂದೇ ಎಂದು ಹೇಳಿ ಎರಡು ಸಲ ದುಡ್ಡು ಕೀಳುವ ದಲ್ಲಾಳಿಗಳಿದ್ದಾರೆ.

ಈಗ ಜನ ಹೆಚ್ಚು ಕಳೆದುಕೊಳ್ಳುವ ಜಾಗಕ್ಕೆ ಬರೋಣ. ಅರ್ಜಿ ಹಾಕುವ ದಿನ ನಿಮ್ಮ ಹತ್ತಿರ ಫೋನ್ ಇರುವುದಿಲ್ಲ, ಇಲ್ಲವೇ ಆಧಾರಿಗೆ ಜೋಡಿಸಿದ್ದ ಸಿಮ್ ಎಂದೋ ಬಂದ್ ಆಗಿರುತ್ತದೆ. ‘ನಂದೇ ನಂಬರ್ ಹಾಕ್ತೀನಿ ಬಿಡು’ ಎನ್ನುತ್ತಾನೆ ಕಂಪ್ಯೂಟರ್ ಮುಂದೆ ಕೂತವನು. ಉಪಕಾರ ಮಾಡಿದ ಎಂದುಕೊಂಡು ಬರುತ್ತೀರಿ. ಅಂದಿನಿಂದ ಓಟಿಪಿ ಅವನಿಗೆ, ನವೀಕರಣದ ಸೂಚನೆ ಅವನಿಗೆ, ಅರ್ಜಿ ತಿರಸ್ಕಾರವಾದ ಸುದ್ದಿಯೂ ಅವನಿಗೆ. ಪ್ರತಿ ಸಲ ಅವನ ಅಂಗಡಿ ಮುಂದೆ ನಿಲ್ಲಬೇಕು, ಅವನು ಕೇಳಿದಷ್ಟು ಕೊಡಬೇಕು. ಕಾರ್ಮಿಕ ತೀರಿಕೊಂಡರೆ ಅವನ ಹೆಂಡತಿಯ ಪಾಡು ಇನ್ನೂ ಕಷ್ಟ. ಎಷ್ಟೋ ಕಡೆ ಗಂಡನ ಖಾತೆ ಯಾರ ನಂಬರಿನಲ್ಲಿದೆ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ.

ಐವತ್ತೇಳು ದಾಟಿದವರು ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. 60 ತುಂಬುವ ಮುಂಚಿನ ಮೂರು ವರ್ಷ ಸತತವಾಗಿ ಫಲಾನುಭವಿಯಾಗಿದ್ದವನಿಗೆ ಆಮೇಲೂ ಸೌಲಭ್ಯ ಸಿಗುತ್ತದೆ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ‘ಸತತವಾಗಿ’ ಎಂಬುದನ್ನು ಮರೆಯಬೇಡಿ. ಆ ಮೂರು ವರ್ಷದ ನಡುವೆ ನವೀಕರಣ ತಪ್ಪಿದರೆ ಪಿಂಚಣಿಗೇ ಕುತ್ತು. ಮೂವತ್ತು ವರ್ಷ ಇಟ್ಟಿಗೆ ಹೊತ್ತವನ ಪಿಂಚಣಿ ಇನ್ನೊಬ್ಬನ ಮೊಬೈಲಿನ ಒಂದು ಸಂದೇಶದಲ್ಲಿ ಕಳೆದುಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸರಿಪಡಿಸುವ ದಾರಿ ಇದೆ. ಮೊದಲು ಆಧಾರ್ ಕೇಂದ್ರಕ್ಕೆ ನೀವೇ ಹೋಗಿ ನಿಮ್ಮ ಈಗಿನ ನಂಬರ್ ಜೋಡಿಸಿ. ಶುಲ್ಕಕ್ಕೆ ರಸೀದಿ ಕೇಳಿ ಪಡೆಯಿರಿ. ಆ ಸಿಮ್ ನಿಮ್ಮದೋ ಮನೆಯವರದ್ದೋ ಆಗಿರಲಿ, ಮೇಸ್ತ್ರಿಯದ್ದು ಬೇಡ. ನಂತರ ನಿಮ್ಮ ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ನಂಬರ್ ಬದಲಾಯಿಸಿ ಎಂದು ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದು ಕೊಡಿ. ಒಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ‘ಸರ್ವರ್ ಇಲ್ಲ, ನಾಳೆ ಬಾ’ ಎಂದರೆ ಕಂಪ್ಯೂಟರ್ ಕೆಲಸ ನಾಳೆ ಆಗಲಿ, ಕಾಗದಕ್ಕೆ ಸೀಲು ಒತ್ತಲು ಸರ್ವರ್ ಬೇಕಿಲ್ಲ. ಸೀಲು ಕೊಡದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿ. ದೂರಿಗೆ ಕಾರ್ಮಿಕ ಸಹಾಯವಾಣಿ 155214 ಇದೆ.

90 ದಿನ ಕೆಲಸ ಮಾಡಿದ ಪ್ರಮಾಣಪತ್ರವನ್ನು ಮಾತ್ರ ದುಡ್ಡಿಗೆ ಕೊಳ್ಳಬೇಡಿ. ಬೋಗಸ್ ಕಾರ್ಡುಗಳನ್ನು ಇಲಾಖೆ ರದ್ದು ಮಾಡುತ್ತ ಬಂದಿದೆ. ನಿಜವಾಗಿ ದುಡಿದವನೂ ಕೊಂಡ ಕಾಗದ ಇಟ್ಟಿದ್ದರೆ ಅದರಲ್ಲೇ ಸಿಕ್ಕಿಬೀಳುತ್ತಾನೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲಸ ಮುಗಿಸಿ ಹೊರಡುವಾಗಲೇ ಗುತ್ತಿಗೆದಾರನಿಂದ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ಅವನು ಫೋನ್ ಎತ್ತುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೊಟ್ಟೂರಿನವರ ಹಳೆಯ ಕಾಗದದಲ್ಲಿ ಇನ್ನೂ ಕೂಡ್ಲಿಗಿ ತಾಲೂಕು ಎಂದಿದೆ. ಅರ್ಜಿಯಲ್ಲಿ ಈಗಿನ ತಾಲೂಕು, ಜಿಲ್ಲೆಯನ್ನೇ ಬರೆಯಿರಿ. ‘ವಿಳಾಸ ತಾಳೆ ಆಗಲ್ಲ’ ಎಂದು ಬಾಯಿಮಾತಲ್ಲಿ ಅಟ್ಟಿದರೆ ಹಿಂಬರಹ ಕೊಡಿ ಎನ್ನಿ. ಜಿಲ್ಲೆ ಒಡೆದಿದ್ದು ಸರ್ಕಾರ. ಅದಕ್ಕೆ ಬಡವ ಏಕೆ ಅಲೆಯಬೇಕು?

ಊರಿನ ಕೆಲಸಗಾರರ, ಸೇವೆಗಳ ಆನ್‌ಲೈನ್ ಪಟ್ಟಿ ಮಾಡಬೇಕೆಂದು ಹೊರಟಿರುವ ಯುವಕರಿಗೂ ಒಂದು ಮಾತು. ಒಳ್ಳೆಯ ಕೆಲಸ, ಮಾಡಿ. ಆಸ್ಪತ್ರೆ, ಅಂಗನವಾಡಿ, ಕಚೇರಿಗಳ ವಿವರ ಹಾಕಲು ತೊಂದರೆಯಿಲ್ಲ. ಗೌಂಡಿಯ ಹೆಸರು, ನಂಬರ್ ಹಾಕುವ ಮುಂಚೆ ಅವನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬೇಡ ಎಂದ ದಿನ ತೆಗೆದುಹಾಕಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬುಡವೇ ಒಪ್ಪಿಗೆ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಹಾಕುವುದಕ್ಕೆ ಆಧಾರ್ ಕಾಯ್ದೆಯ ತಡೆ ಇದೆ. ಮಾಜಿ ದೇವದಾಸಿಯರ ಹೆಸರನ್ನಂತೂ ಸಹಾಯದ ನೆಪದಲ್ಲೂ ಹಾಕಬೇಡಿ. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋಗಿ ಮಾಸಾಶನ ಕಳೆದುಕೊಂಡವರು ನಮ್ಮಲ್ಲಿದ್ದಾರೆ, ಅದು ಕಚೇರಿಯಲ್ಲಿ ಹೋರಾಡಬೇಕಾದ ವಿಷಯ. ಅವರ ಹೆಸರು ಬಜಾರಿಗೆ ಬಂದರೆ ಮಕ್ಕಳ ಮದುವೆಗೂ ಅಡ್ಡಿಯಾಗುತ್ತದೆ.

ಕಾರ್ಮಿಕ ನಿರೀಕ್ಷಕರಿಗೆ ಕೊಟ್ಟ ಅರ್ಜಿಗೆ ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ: ಶುಲ್ಕ 10 ರೂಪಾಯಿ, ಬಿಪಿಎಲ್ ಆದರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕೋರ್ಟ್ ಆವರಣದ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲ. ಆದಾಯ ಪ್ರಮಾಣಪತ್ರ ತಾ ಎಂದು ಯಾರಾದರೂ ವಾಪಸ್ ಕಳಿಸಿದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಓದಿ ಎಂದು ಹೇಳಿ.