ಮಗ್ಗಕ್ಕೆ ಟಾಕ್ಟ್ ಲೆಕ್ಕ ಒಗ್ಗೀತೆ?

ಪ್ರಶ್ನೆ: ನಮ್ಮ ಅಕ್ಕನ ಮಗ ಬಿಡದಿಯ ಕಾರು ಕಾರ್ಖಾನೆಯಲ್ಲಿದ್ದಾನೆ. ಅಲ್ಲಿ ‘ಟಾಕ್ಟ್ ಟೈಮ್’ ಹಿಡಿದು ಕೆಲಸ ನಡೆಯುತ್ತದಂತೆ. ಬೇಡಿಕೆ ಎಷ್ಟೋ ವೇಗ ಅಷ್ಟೇ. ನಮ್ಮ ನಾರಾಯಣಪೇಟೆ, ಗದ್ವಾಲ್ ಸೀರೆಗಳಿಗೆ ಇದು ಹೊಂದೀತೆ? ಕೈಮಗ್ಗವನ್ನು ಗಡಿಯಾರಕ್ಕೆ ಕಟ್ಟಲಾದೀತೆ?
— ಓದುಗರು, ಮಕ್ತಲ್

ಉತ್ತರ: ಹೊಂದುತ್ತದೆ. ಆದರೆ ಗಡಿಯಾರಕ್ಕೆ ಕಟ್ಟಬೇಕಾದದ್ದು ನೇಕಾರರ ಕೈಯನ್ನಲ್ಲ, ಮಗ್ಗಕ್ಕೆ ಹಾಸು ಏರಿಸುವ ದಿನವನ್ನು.

ಕೆಲಸಕ್ಕೆ ಸಿಗುವ ಸಮಯವನ್ನು ಗಿರಾಕಿ ಕೇಳಿದ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಟಾಕ್ಟ್ ಟೈಮ್. ಒಂದು ಅಂಗಡಿಗೆ ತಿಂಗಳಿಗೆ 60 ರೇಷ್ಮೆ ಸೀರೆ ಬೇಕು ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಕೆಲಸ. ಒಟ್ಟು 12,000 ನಿಮಿಷ. ಅಂದರೆ 200 ನಿಮಿಷಕ್ಕೊಂದು ಸೀರೆ ಹೊರಬೀಳಬೇಕು. ಒಂದು ಸೀರೆ ನೇಯಲು ಆರು ದಿನ, ಅಂದರೆ 2,880 ನಿಮಿಷ ಹಿಡಿದರೆ? ಇದನ್ನು 200ರಿಂದ ಭಾಗಿಸಿದರೆ 14.4. ಹದಿನೈದು ಮಗ್ಗ ಬೇಕು. ಯಾರಿಗೂ ‘ಬೇಗ ನೇಯಿ’ ಎಂದು ಹೇಳಬೇಕಾದ್ದಿಲ್ಲ; ಎಷ್ಟು ಮಗ್ಗ ಓಡಬೇಕೆಂಬುದನ್ನು ಲೆಕ್ಕವೇ ಹೇಳಿತು.

ಹಾಗೆ ಅವಸರಪಡಿಸಲು ಬರುವುದೂ ಇಲ್ಲ. ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿಗೊಂದು, ಎರಡು ಅಂಚಿಗೆ ಎರಡು ಎಂದು ಮೂರು ಲಾಳಿ ಆಡಬೇಕು. ಒಡಲೂ ಅಂಚೂ ಕೂಡುವಲ್ಲಿ ಒಂದರ ಹೊಕ್ಕು ಇನ್ನೊಂದನ್ನು ಹಿಡಿದುಕೊಳ್ಳಬೇಕು. ಆ ಬೆಸುಗೆಯಲ್ಲಿ ಆತುರ ಮಾಡಿದರೆ ಸೀರೆಯೇ ಕೆಟ್ಟಿತು.

ನಾರಾಯಣಪೇಟೆಯ ವಿಷಯ ಇನ್ನೂ ಕುತೂಹಲಕರ. ಅಲ್ಲಿ ಒಂದು ಸೀರೆಗಾಗುವಷ್ಟಲ್ಲ, ಎಂಟು ಸೀರೆಗಾಗುವಷ್ಟು ಹಾಸನ್ನು, ಸುಮಾರು 56 ಗಜವನ್ನು, ಒಮ್ಮೆಗೇ ಮಗ್ಗಕ್ಕೆ ಏರಿಸುವುದು ರೂಢಿ. ನಮ್ಮ ಆರು ದಿನದ ಲೆಕ್ಕದಲ್ಲಿ ಒಂದು ಹಾಸು ಮುಗಿಯಲು 48 ದಿನ. ಇಂದು ಆರಿಸಿದ ಹಾಸಿನ ಬಣ್ಣ ಸುಮಾರು ಎರಡು ತಿಂಗಳು ಆ ಮಗ್ಗವನ್ನು ಬಿಡುವುದಿಲ್ಲ. ಹೊಕ್ಕಿನ ಬಣ್ಣವನ್ನಷ್ಟೇ ನಡುವೆ ಬದಲಿಸಬಹುದು. ಹದಿನೈದು ಮಗ್ಗಕ್ಕೂ ಒಂದೇ ವಾರ ಹಾಸು ಏರಿಸಿಬಿಟ್ಟರೆ, ಅಂಗಡಿಯವರು ಮರುವಾರ ಬೇರೆ ಬಣ್ಣ ಕೇಳಿದಾಗ ಒಂದು ಮಗ್ಗವೂ ಖಾಲಿ ಇರುವುದಿಲ್ಲ. ಟಾಕ್ಟ್ ನಿಜವಾಗಿ ನೆರವಾಗುವುದು ಇಲ್ಲಿಯೇ. ಎಂಟು ಸೀರೆಗೆ 1,600 ನಿಮಿಷ. ಅಂದರೆ ಮೂರು ದಿನ, ಎರಡು ಗಂಟೆ ನಲವತ್ತು ನಿಮಿಷಕ್ಕೊಂದು ಹಾಸು. ಅದೇ ಅಂತರದಲ್ಲಿ ಬಣ್ಣ ಅದ್ದುವವರು, ಹಾಸು ಹೂಡುವವರು ಒಂದೊಂದಾಗಿ ಕೊಡುತ್ತ ಬಂದರೆ ಮೂರು-ನಾಲ್ಕು ದಿನಕ್ಕೊಮ್ಮೆ ಯಾವುದಾದರೂ ಮಗ್ಗ ತೆರವಾಗುತ್ತದೆ. ಹೊಸ ಬೇಡಿಕೆಗೆ ಸದಾ ಒಂದು ಜಾಗ ಇರುತ್ತದೆ. ಬಣ್ಣದ ಮನೆಯಲ್ಲಿ ನೂಲು ರಾಶಿ ಬೀಳುವುದೂ ತಪ್ಪುತ್ತದೆ.

ಇದು ಕಾರಿನವರ ವಿದ್ಯೆ, ಮಗ್ಗಕ್ಕೆ ಯಾಕೆ ಎಂಬ ಸಂಕೋಚವೂ ಬೇಡ. ಬಿಡದಿಯಲ್ಲೂ ಕಾರ್ಖಾನೆಯಿರುವ ಟೊಯೋಟಾ ಕಂಪನಿಯನ್ನು ಕಟ್ಟಿದ ಟೊಯೋಡಾ ಮನೆತನದ ಹಳೆಯ ಕಸುಬು ಮಗ್ಗವೇ. ಸಕಿಚಿ ಟೊಯೋಡಾ 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗ, ನೂಲು ಹರಿದೊಡನೆ ತಾನಾಗಿ ನಿಲ್ಲುತ್ತಿತ್ತು. ಟೊಯೋಟಾ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ತೈಚಿ ಓನೊ 1932ರಲ್ಲಿ ಸೇರಿದ್ದು ಆ ಮನೆತನದ ನೂಲು-ನೇಯ್ಗೆ ಗಿರಣಿಗೆ. ಕಾರಿನ ಕಂಪನಿಗೆ ಬಂದದ್ದು 1943ರಲ್ಲಿ.

ಒಂದು ತೊಡಕಿದೆ. ಬೇಡಿಕೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮದುವೆಯ ತಿಂಗಳಲ್ಲಿ 60ರ ಬದಲು 90 ಸೀರೆ ಕೇಳಿದರೆ ಟಾಕ್ಟ್ 133 ನಿಮಿಷಕ್ಕೆ ಇಳಿಯುತ್ತದೆ, 22 ಮಗ್ಗ ಬೇಕಾಗುತ್ತದೆ. ಎರಡು ತಿಂಗಳ ಸುಗ್ಗಿಗಾಗಿ ಏಳು ಹೊಸ ಮಗ್ಗ ಯಾರೂ ಹೂಡುವುದಿಲ್ಲ. ಆದ್ದರಿಂದ ವರ್ಷದ ಸರಾಸರಿ ಹಿಡಿದು, ಆಷಾಢದಲ್ಲೂ ಅದೇ ನಡೆಯಲ್ಲಿ ನೇಯ್ದು ಒಂದಿಷ್ಟು ಸೀರೆ ಕೂಡಿಡಬೇಕು. ಆ ದಾಸ್ತಾನಿನ ಹಣ ಯಾರದು? ಕಾರ್ಖಾನೆಯಲ್ಲಿ ಬೇಡಿಕೆ ಇಳಿದರೂ ಕಾಯಂ ನೌಕರರಿಗೆ ತಿಂಗಳ ಸಂಬಳವಿದೆ. ಸೀರೆಗಿಷ್ಟು ಎಂದು ಕೂಲಿ ಪಡೆಯುವ ನೇಕಾರರಿಗೆ ಮಗ್ಗ ನಿಂತರೆ ಒಲೆಯೂ ನಿಂತಂತೆ. 2020ರ ಲಾಕ್‌ಡೌನಿನಲ್ಲಿ ದೇಶದ ಕೈಮಗ್ಗದ ಊರುಗಳಲ್ಲಿ ಸೀರೆಗಳು ಮಾರಾಟವಾಗದೆ ಬಿದ್ದಾಗ ಆದದ್ದು ಇದೇ. ದಾಸ್ತಾನಿನ ಭಾರವನ್ನು ವ್ಯಾಪಾರಿ ಅಥವಾ ಸಹಕಾರ ಸಂಘ ಹೊರದಿದ್ದರೆ ಟಾಕ್ಟ್ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಅದು ಅನ್ಯಾಯವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮಗೆ ಪರಿಚಯದ ನೇಕಾರ ಯಜಮಾನರಿದ್ದರೆ ಇಷ್ಟು ಹೇಳಿ: ಮುಂದಿನ ಹಾಸು ಏರಿಸುವ ಮೊದಲು ಅಂಗಡಿಯವರಿಂದ ಮೂರು ತಿಂಗಳ ಬೇಡಿಕೆಯನ್ನೂ ಮುಂಗಡವನ್ನೂ ಬರಹದಲ್ಲಿ ಪಡೆಯಲಿ. ಲೆಕ್ಕ ಅಲ್ಲಿಂದ ಶುರುವಾಗಲಿ.